ದೊಡ್ಡಕ್ಕನ ಮನೆಗೆ ಹೊಸಬ ಬಂದಾಗ

ಮೀನು ಬರುವ ದಿನ ನಮ್ಮನೇಲಿ ಹಾಲ್‌ನ ಲೈಟ್ ಹಾಕುವಂತಿಲ್ಲ. ಪರದೆ ಎಳೆದಿರಬೇಕು, ಟಿವಿ ಬಂದ್, ಅಕ್ವೇರಿಯಂನ ದೀಪವೂ ಆಫ್. ನನ್ನ ಗಂಡ ಇದನ್ನು ‘ಗ್ರಹಣ’ ಅಂತ ಕರೀತಾನೆ. ತಮಾಷೆ ಮಾಡಿದರೂ ಪರದೆ ಎಳೆಯೋದು ಅವನೇ. ರಾತ್ರಿಯಿಡೀ ಥರ್ಮಾಕೋಲ್ ಡಬ್ಬಿಯ ಕತ್ತಲಲ್ಲಿ, ಒಂದು ಪ್ಲಾಸ್ಟಿಕ್ ಚೀಲದೊಳಗೆ ಕುಲುಕಾಡಿಕೊಂಡು ಬಂದ ಜೀವಕ್ಕೆ ಏಕಾಏಕಿ ಎಲ್‌ಇಡಿ ಬೆಳಕು ಹೊಡೆದರೆ ಅದು ಬೆದರಿ ಗಾಜಿಗೆ ಡಿಕ್ಕಿ ಹೊಡೆಯುತ್ತೆ.

ನಮ್ಮದು ಬೆಂಗಳೂರಿನ ನಾಲ್ಕನೇ ಮಹಡಿಯ ಫ್ಲ್ಯಾಟು. ಅದರಲ್ಲಿ 250 ಲೀಟರಿನ ಒಂದು ಸಮುದ್ರ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೆಳತಿಯರ ಜೊತೆ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗಿ, ಸ್ಕೂಬಾ ಅಂತ ನೀರಿಗಿಳಿದು, ಬಂಡೆ ಸಂದಿಯಲ್ಲಿ ಬಣ್ಣದ ಮೀನುಗಳನ್ನು ಕಂಡಿದ್ದೇ ನೆಪ. ಸಿಹಿನೀರಿನ ಗೋಲ್ಡ್‌ಫಿಶ್ ಸಾಕುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪಿನ ಮಿಶ್ರಣ ಕಲಸಬೇಕು. ತೊಟ್ಟಿ ತುಂಬಿಸಲಿಕ್ಕೇ ಹತ್ತಿರ ಹತ್ತಿರ 9 ಕೆ.ಜಿ. ಹಿಡಿಯಿತು. ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ನಮ್ಮ ರೀಫ್‌ನಲ್ಲಿ ಗಟ್ಟಿ ಹವಳ ಇಲ್ಲ. ಬಂಡೆ ಕಟ್ಟುವ ಹವಳಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದಕ್ಕೆ ಸೇರಿಸಿದ್ದಾರೆ, ಹುಲಿ ಇರುವ ಪಟ್ಟಿಯದು. ಸಮುದ್ರಕುದುರೆಯೂ ಅಲ್ಲೇ ಇದೆ. ‘ಎಲ್ಲರೂ ಇಟ್ಕೊಂಡಿದ್ದಾರಲ್ಲ ಮೇಡಂ’ ಅಂತ ಯಾರಾದರೂ ಚೀಲದಲ್ಲಿ ತುಂಬಿಕೊಟ್ಟರೆ ತಗೋಬೇಡಿ. ನಮ್ಮಲ್ಲಿರೋದು ಸೆರಾಮಿಕ್ ಬಂಡೆ. ಎರಡು ವರ್ಷಕ್ಕೆ ಅದರ ಮೇಲೂ ನೇರಳೆ ಬಣ್ಣದ ಪಾಚಿ ಹತ್ತಿ, ಈಗ ಯಾರೂ ಕೃತಕ ಅನ್ನೋದಿಲ್ಲ.

ಮಾರ್ಚ್‌ನಿಂದ ಅಪ್ಪ ನಮ್ಮ ಜೊತೆ ಇದ್ದಾರೆ. ಕುಮಟಾದವರು. ಜನವರಿಯಲ್ಲಿ ಅಮ್ಮ ಹೋದ ಮೇಲೆ ಒಬ್ಬರನ್ನೇ ಬಿಡೋದು ಬೇಡ ಅಂತ ಕರೆದುಕೊಂಡು ಬಂದೆವು. ಬಂದ ವಾರವೇ ಉಪ್ಪಿನ ಡಬ್ಬಿಯ ಮೇಲಿನ ಬೆಲೆ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. “ಎಂತದು ಮಾರಾಯ್ತಿ ಇದು? ಸಾಣಿಕಟ್ಟೆ ಉಪ್ಪು ಒಂದು ಚೀಲ ತಂದು ಹಾಕಿದ್ರೆ ಆಗ್ತಿರಲಿಲ್ಲವಾ?”

ಪ್ರಶ್ನೆ ಸರಿಯಾದದ್ದೇ. ಆದರೆ ಗದ್ದೆಯಲ್ಲಿ ಸಮುದ್ರದ ನೀರು ಒಣಗುವಾಗ ಎಲ್ಲವೂ ಒಟ್ಟಿಗೆ ಹರಳಾಗುವುದಿಲ್ಲ. ಸುಣ್ಣದ ಅಂಶ ಮೊದಲೇ ತಳಕ್ಕೆ ಕೂರುತ್ತೆ, ಆಮೇಲೆ ನಾವು ತಿನ್ನುವ ಉಪ್ಪು, ಮೆಗ್ನೀಸಿಯಂ ಎಲ್ಲ ಕೊನೆಗೆ ಉಳಿಯುವ ಕಹಿ ನೀರಲ್ಲೇ ಹೋಗುತ್ತೆ. ಉಪ್ಪಿನಿಂದ ಸಮುದ್ರವನ್ನು ವಾಪಸ್ ಮಾಡೋಕೆ ಆಗಲ್ಲ. ಇದನ್ನು ಹೇಳಿದಾಗ ಅಪ್ಪ ಗದ್ದೆಯ ಕಹಿ ನೀರಿನ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಬಂದ ಮೇಲೆ ಅಷ್ಟು ಮಾತಾಡಿದ್ದು ಅದೇ ಮೊದಲು.

ನಮ್ಮ ತೊಟ್ಟಿಯ ಯಜಮಾನಿ ದೊಡ್ಡಕ್ಕ. ಕ್ಲೌನ್‌ಫಿಶ್, ನಿಮಗೆ ‘ನೀಮೋ’ ಅಂದರೆ ಬೇಗ ಗೊತ್ತಾಗುತ್ತೆ. ನಾಲ್ಕು ವರ್ಷದಿಂದ ಇದ್ದಾಳೆ. ಈ ಜಾತಿಯಲ್ಲಿ ಹುಟ್ಟುವಾಗ ಎಲ್ಲವೂ ಗಂಡೇ. ಗುಂಪಲ್ಲಿ ಅತಿ ದೊಡ್ಡದು ಹೆಣ್ಣಾಗುತ್ತೆ, ಎರಡನೆಯದು ಅದರ ಜೋಡಿ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬಡ್ತಿ ಪಡೆಯುತ್ತೆ, ಆದರೆ ಹಿಂದಕ್ಕೆ ಬರುವ ದಾರಿ ಇಲ್ಲ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ದೊಡ್ಡಕ್ಕನ ಜೋಡಿ ಚಿಕ್ಕ ಬಂಡೆಯ ಬುಡದಲ್ಲಿ ಸತ್ತು ಬಿದ್ದಿತ್ತು. ದೊಡ್ಡಕ್ಕ ಒಂದು ವಾರ ಹೀಟರ್ ಮೂಲೆ ಬಿಟ್ಟು ಬರಲಿಲ್ಲ. ದುಃಖ ಅಂತ ನಾನು ಹೇಳಲ್ಲ, ಮೀನಿನ ಮನಸ್ಸು ಯಾರು ಕಂಡಿದ್ದಾರೆ. ಅಪ್ಪ ಮಾತ್ರ ಊಟದ ತಟ್ಟೆ ಹಿಡಿದುಕೊಂಡು ಬಂದು ಆ ಮೂಲೆಯ ಎದುರೇ ಕೂರೋಕೆ ಶುರು ಮಾಡಿದರು. “ಇದಕ್ಕೊಂದು ಜೊತೆ ತಾ” ಅಂದರು, ಎರಡು ಸಲ.

ತರುವುದು ಕಷ್ಟವಲ್ಲ. ತಂದದ್ದನ್ನು ಉಳಿಸುವುದು ಬೇರೆ ಕೆಲಸ.

ಸಮುದ್ರದ ಮೀನು ಸುತ್ತ ನೀರಿದ್ದೂ ಸದಾ ಬಾಯಾರಿದ ಪ್ರಾಣಿ. ಹೊರಗಿನ ನೀರು ಅದರ ರಕ್ತಕ್ಕಿಂತ ಉಪ್ಪು. ಹಾಗಾಗಿ ಕಿವಿರಿನ ಮೂಲಕ ಮೈಯಿಂದ ನೀರು ಹೊರಕ್ಕೆ ಸೋರುತ್ತಲೇ ಇರುತ್ತೆ. ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದಲೇ ಆಚೆ ತಳ್ಳಿ ಬದುಕುತ್ತೆ. ಈ ಪಂಪಿಂಗ್ ಒಂದು ಅಳತೆಗೆ ಒಗ್ಗಿರುತ್ತೆ. ನನ್ನ ತೊಟ್ಟಿಯಲ್ಲಿ ಸಾಂದ್ರತೆ 1.025. ಎಷ್ಟೋ ಅಂಗಡಿಗಳಲ್ಲಿ 1.018, 1.020 ಇಟ್ಟಿರುತ್ತಾರೆ. ಉಪ್ಪೂ ಉಳಿತಾಯ, ಕೆಲವು ಪರಾವಲಂಬಿಗಳೂ ಹತೋಟಿಯಲ್ಲಿ. ಉಪ್ಪು ಕಡಿಮೆಯಾದರೆ ಮೀನು ಹೇಗೋ ಸಂಭಾಳಿಸುತ್ತೆ. ತಟ್ಟನೆ ಹೆಚ್ಚಾದರೆ ಒಳಗಿನ ನೀರೆಲ್ಲ ಕಳೆದುಕೊಂಡು ಒಣಗುತ್ತೆ, ಅದೂ ನೀರಿನ ಮಧ್ಯೆ. ಒಗ್ಗಲು ಗಂಟೆಗಳು ಸಾಲದು, ದಿನಗಳು ಬೇಕು. ‘ಅರ್ಧ ಗಂಟೆ ಚೀಲ ತೇಲಿಸಿ, ಸುರಿದುಬಿಡಿ’ ಅನ್ನೋ ಅಂಗಡಿಯವರ ಸಲಹೆ ಉಷ್ಣಾಂಶಕ್ಕೆ ಸರಿ, ಉಪ್ಪಿಗೆ ಅಲ್ಲ.

ಮೊದಲು ಬಂದದ್ದು ಎರಡು ಸೀಗಡಿ, ಇಲ್ಲೇ ನಗರದ ಅಂಗಡಿಯಿಂದ. ಕ್ಲೀನರ್ ಶ್ರಿಂಪ್ ಅಂತಾರೆ, ಮೀನಿನ ಮೈ ಸ್ವಚ್ಛ ಮಾಡುತ್ತವೆ. ಬೆನ್ನೆಲುಬಿಲ್ಲದ ಈ ಜೀವಿಗಳು ಉಪ್ಪಿನ ಏರುಪೇರು ಮೀನಿನಷ್ಟೂ ತಡೆಯೋದಿಲ್ಲ. ಇವಕ್ಕೆ ಡ್ರಿಪ್ಪೇ ಗತಿ. ತೊಟ್ಟಿಯಿಂದ ಬಕೆಟ್ಟಿಗೆ ಏರ್‌ಪಂಪಿನ ಸಣ್ಣ ಪೈಪು ಇಳಿಬಿಟ್ಟು, ಅದಕ್ಕೊಂದು ಸಡಿಲ ಗಂಟು ಹಾಕಿ, ಸೆಕೆಂಡಿಗೆ ಎರಡೋ ಮೂರೋ ಹನಿ ಬೀಳುವ ಹಾಗೆ ಮಾಡಬೇಕು. ಬಕೆಟ್ಟಿನ ನೀರು ಎರಡು ಪಟ್ಟಾದಾಗ ಅರ್ಧ ಚೆಲ್ಲಿ ಮತ್ತೆ ಹನಿಸಬೇಕು. ನನಗೆ ಎರಡು ಗಂಟೆ ಹಿಡಿಯಿತು.

ಅಪ್ಪ ಆ ಎರಡು ಗಂಟೆ ಬಾಲ್ಕನಿಯಲ್ಲಿದ್ದರು. ಜನವರಿಯಲ್ಲಿ ಹನ್ನೊಂದು ದಿನ ಅಮ್ಮನ ಪಕ್ಕ ಕೂತು ಹನಿ ಎಣಿಸಿದವರು. ನಾನೂ ಕರೆಯಲಿಲ್ಲ.

ಕ್ಲೌನ್‌ಫಿಶ್ ಬಂದದ್ದು ಜುಲೈ ಕೊನೆಯಲ್ಲಿ. ಸಮುದ್ರದಿಂದ ಹಿಡಿದದ್ದು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಕ್ಲೌನ್‌ಫಿಶ್ ಮರಿ ಮಾಡಿಸುವ ವಿಧಾನವನ್ನು ನಮ್ಮ ಸಿಎಂಎಫ್‌ಆರ್‌ಐ ವಿಜ್ಞಾನಿಗಳೇ ರೂಢಿಸಿದ್ದಾರೆ, ಹ್ಯಾಚರಿಯಲ್ಲಿ ಹುಟ್ಟಿದ ಮರಿಗಳು ಸಿಗುತ್ತವೆ. ಹುಟ್ಟಿದಾಗಿಂದ ತೊಟ್ಟಿ ಕಂಡವು, ಕಾಳಿನ ಆಹಾರ ತಿಂದು ಗೊತ್ತಿರುವವು. ತಮಿಳುನಾಡಿನ ಕರಾವಳಿಯಿಂದ ರಾತ್ರಿ ಪಯಣ, ಹತ್ತಿರ ಹತ್ತಿರ 14 ಗಂಟೆ ಚೀಲದೊಳಗೆ.

ಇಲ್ಲಿ ಡ್ರಿಪ್ ಹಾಕಬಾರದು. ಇದು ಅನೇಕರಿಗೆ ವಿಚಿತ್ರ ಅನಿಸುತ್ತೆ, ಸ್ವಲ್ಪ ನಿಂತು ಓದಿ. ಮುಚ್ಚಿದ ಚೀಲದಲ್ಲಿ ಮೀನು ಉಸಿರು ಬಿಡುತ್ತ ಬಿಡುತ್ತ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿಯುತ್ತೆ. ಅದರದ್ದೇ ಹೇಸಿಗೆಯಿಂದ ಅಮೋನಿಯಾ ಕೂಡುತ್ತೆ. ಪಿಎಚ್ ಕಡಿಮೆ ಇರೋವರೆಗೆ ಆ ಅಮೋನಿಯಾ ಹೆಚ್ಚಿನ ಪಾಲು ಅಮೋನಿಯಂ ರೂಪದಲ್ಲಿರುತ್ತೆ, ಅಷ್ಟು ವಿಷವಲ್ಲ. ಚೀಲ ಬಿಚ್ಚಿದ ಕ್ಷಣ ಗ್ಯಾಸ್ ಹೊರಹೋಗಿ ಪಿಎಚ್ ಏರೋಕೆ ಶುರು. ಅದೇ ಅಮೋನಿಯಾ ಈಗ ವಿಷ. ಆ ನೀರಲ್ಲಿ ಮೀನನ್ನಿಟ್ಟುಕೊಂಡು ಗಂಟೆಗಟ್ಟಲೆ ಹನಿ ಹಾಕುತ್ತ ಕೂತರೆ ಪ್ರೀತಿಯಿಂದಲೇ ಸುಟ್ಟಂತೆ. ದೂರದಿಂದ ಬಂದ ಮೀನಿಗೆ ಸರಿಯಾದ ಉಪಾಯ ಅಂದರೆ ಕಳಿಸುವವರಿಗೆ ಮೊದಲೇ ಫೋನ್ ಮಾಡಿ ‘ನಿಮ್ಮ ಉಪ್ಪಿನ ಅಳತೆ ಎಷ್ಟು’ ಅಂತ ಕೇಳಿ, ಇಲ್ಲಿನ ಕ್ವಾರಂಟೈನ್ ನೀರನ್ನು ಅದಕ್ಕೇ ಹೊಂದಿಸಿಡುವುದು. ಮೀನು ನಮಗೆ ಒಗ್ಗೋದಲ್ಲ, ಮೊದಲು ನಾವು ಮೀನಿಗೆ.

ಅವರು 1.020 ಅಂದರು. ನಾನೂ 40 ಲೀಟರ್ ಪ್ಲಾಸ್ಟಿಕ್ ಟಬ್ಬಿನಲ್ಲಿ 1.020 ಮಾಡಿಟ್ಟೆ. ಒಂದು ಹೀಟರ್, ಅಡಗಿಕೊಳ್ಳಲಿಕ್ಕೆ ಪಿವಿಸಿ ಪೈಪಿನ ತುಂಡು, ಮತ್ತು ಒಂದು ಸ್ಪಾಂಜ್ ಫಿಲ್ಟರ್. ಆ ಸ್ಪಾಂಜನ್ನು ತಿಂಗಳ ಮೊದಲೇ ದೊಡ್ಡ ತೊಟ್ಟಿಯ ಸಂಪಿನಲ್ಲಿ ಹಾಕಿಟ್ಟಿದ್ದೆ, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹಿಡಿದುಕೊಳ್ಳಲಿ ಅಂತ. ಮೊಸರಿಗೆ ಹೆಪ್ಪು ಇಟ್ಟ ಹಾಗೆ.

ಬೆಳಿಗ್ಗೆ ಏಳಕ್ಕೆ ಡಬ್ಬಿ ಬಂತು. ಕತ್ತಲ ಹಾಲ್‌ನಲ್ಲಿ ಚೀಲವನ್ನು ಬಿಚ್ಚದೆ 20 ನಿಮಿಷ ಟಬ್ಬಿನಲ್ಲಿ ತೇಲಿಬಿಟ್ಟೆ. ಅಪ್ಪ ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ಪಕ್ಕದಲ್ಲಿ ಬಗ್ಗಿದರು. ಉಗುರಿನಷ್ಟು ಉದ್ದದ ಕಿತ್ತಳೆ ಚೂರು, ಚೀಲದ ಮೂಲೆಗೆ ಒತ್ತಿಕೊಂಡಿತ್ತು. ಬಿಚ್ಚಿದೆ, ಒಂದು ಹನಿ ರಿಫ್ರಾಕ್ಟೋಮೀಟರಿಗೆ ಹಾಕಿ ನೋಡಿದೆ, 1.020 ಸರಿಯಾಗಿತ್ತು. ಸಣ್ಣ ಡಬ್ಬಿಯಿಂದ ಮೀನನ್ನು ಎತ್ತಿ ಟಬ್ಬಿಗೆ ಬಿಟ್ಟೆ. ಚೀಲದ ನೀರು ಬಚ್ಚಲಿಗೆ. ಒಂದು ಹನಿಯೂ ತೊಟ್ಟಿಗೆ ಹೋಗಬಾರದು, ಎಲ್ಲಿಯ ರೋಗ ಎಲ್ಲಿಗೋ. ಬಿಚ್ಚಿದಾಗಿಂದ ಬಿಡೋವರೆಗೆ ಎರಡು ನಿಮಿಷವೂ ಆಗಿರಲಿಲ್ಲ. “ಇಷ್ಟೇಯಾ?” ಅಂದರು ಅಪ್ಪ, ನಿರಾಸೆಯಿಂದ.

ಇಷ್ಟೇ ಅಲ್ಲ ಅಂತ ಮೂರು ದಿನದಲ್ಲಿ ಗೊತ್ತಾಯಿತು. ಅದು ತಿನ್ನಲಿಲ್ಲ. ಪೈಪಿನೊಳಗಿಂದ ಹೊರಗೆ ಬರಲಿಲ್ಲ. ಹಾಕಿದ ಕಾಳು ತಳಕ್ಕೆ ಕೂತು ಕೊಳೆಯುವ ಮೊದಲು ನಾನು ಪೈಪಿನಿಂದ ಎಳೆದು ತೆಗೆಯೋದು, ಅಮೋನಿಯಾ ಟೆಸ್ಟ್ ಮಾಡೋದು, ಲ್ಯಾಪ್‌ಟಾಪ್ ಮುಂದೆ ಕೂತು ಮೀಟಿಂಗ್‌ನಲ್ಲಿ ತಲೆ ಆಡಿಸೋದು. ನೆತ್ತಿಯ ಮೂಳೆ ಕಾಣುವ ಹಾಗೆ ಸೊರಗಿದರೆ ಇಷ್ಟು ಚಿಕ್ಕ ಮೀನು ತಿರುಗಿ ಬರುವುದು ಕಷ್ಟ.

“ಹೊಸ ಜಾಗ. ಹಸಿವೆ ಆಗೂದಿಲ್ಲ” ಅಂದರು ಅಪ್ಪ. ನಾನು ಅವರ ಮುಖ ನೋಡಿದೆ. ಅವರು ಟಬ್ಬು ನೋಡುತ್ತಿದ್ದರು.

ನಾಲ್ಕನೇ ದಿನ ಅವರೇ ಮಾರ್ಕೆಟ್ಟಿಗೆ ಹೋದರು. ಬೆಂಗಳೂರಿಗೆ ಬಂದ ಮೇಲೆ ಒಬ್ಬರೇ ಗೇಟು ದಾಟಿದ್ದು ಅವತ್ತೇ. ಕಾಲು ಕೆ.ಜಿ. ಶೆಟ್ಲಿ ತಂದರು. ಒಂದನ್ನು ಸುಲಿದು, ನಾನು ಹೇಳಿದ ಹಾಗೆ ಫ್ರೀಜರಿನಲ್ಲಿಟ್ಟು ತೆಗೆದು, ಸಾಸಿವೆ ಕಾಳಿಗಿಂತ ಸಣ್ಣಗೆ ಹೆಚ್ಚಿದರು. ಉಳಿದದ್ದು ನಮ್ಮ ಸಾರಿಗೆ. ಚಿಮುಟದ ತುದಿಯಲ್ಲಿ ಒಂದು ಚೂರು ಹಿಡಿದು ಪೈಪಿನ ಬಾಯಿಯ ಹತ್ತಿರ ಅಲ್ಲಾಡಿಸಿದರು. ಎಷ್ಟು ಹೊತ್ತು ಅಂದರೆ, ನಾನು ಒಂದು ಇಡೀ ಕಾಲ್ ಮುಗಿಸಿ ಬಂದರೂ ಅದೇ ಭಂಗಿಯಲ್ಲಿದ್ದರು. “ತಗೊಂಡ” ಅಂದರು. ಅವತ್ತು ರಾತ್ರಿ ಅಪ್ಪ ಸಾರಿಗೆ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಉಪ್ಪುನೀರು ಸೇರಿಸುತ್ತ ಒಂದು ವಾರದಲ್ಲಿ 1.025ಕ್ಕೆ ತಂದೆ. 30 ದಿನ ಟಬ್ಬಿನಲ್ಲೇ. ಇಷ್ಟು ದಿನ ಯಾಕೆ ಅಂತ ಗಂಡನೂ ಕೇಳಿದ. ಬಿಳಿ ಚುಕ್ಕೆ ರೋಗ ಅಂತ ಒಂದಿದೆ. ಅದರ ಪರಾವಲಂಬಿ ಕೆಲವು ದಿನ ಮೀನಿನ ಮೈಮೇಲೆ ತಿಂದು, ಉದುರಿ, ಗೂಡು ಕಟ್ಟಿಕೊಂಡು ಸಂಖ್ಯೆ ಹೆಚ್ಚಿಸಿಕೊಂಡು ಮತ್ತೆ ಹತ್ತುತ್ತೆ. ಚುಕ್ಕೆ ಹೋಯಿತು ಅಂತ ನಾವು ಖುಷಿಪಡುವ ಹೊತ್ತಿಗೆ ಅದು ಮರಳಲ್ಲಿ ಕಾಯುತ್ತಿರುತ್ತೆ. ದೊಡ್ಡ ತೊಟ್ಟಿಗೆ ಸೇರಿತೋ, ತಾಮ್ರದ ಔಷಧಿ ಹಾಕೋಕೂ ಆಗಲ್ಲ, ಸೀಗಡಿ, ಶಂಖದ ಹುಳು ಎಲ್ಲ ಸಾಯುತ್ತವೆ. ಎಲ್ಲ ಮೀನನ್ನೂ ತೆಗೆದು ತೊಟ್ಟಿಯನ್ನು ಎರಡೂವರೆ ತಿಂಗಳು ಖಾಲಿ ಬಿಡಬೇಕು. ಅದಕ್ಕಿಂತ ಒಂದು ತಿಂಗಳ ಟಬ್ಬು ವಾಸಿ.

ರೋಗದ ಭಯ ಮುಗಿಯಿತು, ದೊಡ್ಡಕ್ಕನ ಭಯ ಉಳಿದಿತ್ತು. ನಾಲ್ಕು ವರ್ಷ ಆಳಿದ ಹೆಣ್ಣು ಕ್ಲೌನ್‌ಫಿಶ್ ಹೊಸಬನನ್ನು ಒಂದೇ ರಾತ್ರಿಯಲ್ಲಿ ಕಚ್ಚಿ ಕೊಲ್ಲಬಲ್ಲದು. ಅದಕ್ಕೆ ತೂತುಗಳಿರುವ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯೊಂದನ್ನು ತೊಟ್ಟಿಯ ಒಳಗೋಡೆಗೆ ತಗುಲಿಸಿ ಮರಿಯನ್ನು ಅದರಲ್ಲಿ ಬಿಟ್ಟೆ. ನೀರು ಒಂದೇ, ವಾಸನೆ ಒಂದೇ, ನಡುವೆ ಗೋಡೆ.

ಮೊದಲ ಎರಡು ದಿನ ದೊಡ್ಡಕ್ಕ ಪೆಟ್ಟಿಗೆಗೆ ಬಾಯಿಂದ ಗುದ್ದುತ್ತಲೇ ಇದ್ದಳು, ಟಕ್ ಟಕ್ ಅಂತ ಸೋಫಾದವರೆಗೂ ಕೇಳಿಸುತ್ತಿತ್ತು. ಮರಿ ಮೈಯನ್ನು ಓರೆ ಮಾಡಿ ಇಡೀ ದೇಹ ನಡುಗಿಸುತ್ತಿತ್ತು. ನೋಡಿದವರಿಗೆ ಹೆದರಿ ಸಾಯುತ್ತಿದೆ ಅನಿಸಬೇಕು. ಆದರೆ ಅದು ಕ್ಲೌನ್‌ಫಿಶ್ ಭಾಷೆಯಲ್ಲಿ ‘ನೀನೇ ದೊಡ್ಡವಳು’ ಅನ್ನುವುದು. ಈ ನಡುಕ ಕಂಡರೆ ಒಳ್ಳೆಯ ಲಕ್ಷಣ. ಎದುರು ನಿಂತು ಗುದ್ದಿದರೆ ಮಾತ್ರ ಕಷ್ಟ. ಐದನೇ ರಾತ್ರಿ ಅಪ್ಪ ನನ್ನನ್ನು ಎಬ್ಬಿಸಿದರು. ದೊಡ್ಡಕ್ಕ ಹೀಟರ್ ಮೂಲೆ ಬಿಟ್ಟು ಪೆಟ್ಟಿಗೆಗೆ ಒರಗಿ ಮಲಗಿದ್ದಳು.

ಎಂಟನೇ ದಿನ ಸಂಜೆ, ಎರಡು ಬಂಡೆಗಳನ್ನು ಜಾಗ ಬದಲಿಸಿಟ್ಟು, ದೊಡ್ಡಕ್ಕನಿಗೆ ಹೊಟ್ಟೆ ತುಂಬ ಹಾಕಿ, ದೀಪ ಆರಿಸಿ ಪೆಟ್ಟಿಗೆಯ ಬಾಗಿಲು ತೆಗೆದೆ. ಮರಿ ಹೊರಗೆ ಬಂದು ಸುಮ್ಮನೆ ನಿಂತಿತು. ದೊಡ್ಡಕ್ಕ ಬಾಣದ ಹಾಗೆ ಬಂದಳು, ಬಾಲಕ್ಕೆ ಬಾಯಿ ಹಾಕಿದಳು. ರೆಕ್ಕೆಯ ಒಂದು ಚೂರು ಹೋಯಿತು. ನಾನು ಬಲೆ ಹಿಡಿದು ಕೈ ನೀರಿಗಿಳಿಸಿದ್ದೆ. ಅಪ್ಪ ನನ್ನ ಮೊಣಕೈ ಹಿಡಿದರು. “ತಡಿ. ನಡುಗ್ತಾ ಇದೆ ನೋಡು.” ನಡುಗುತ್ತಿತ್ತು. ದೊಡ್ಡಕ್ಕ ಅದರ ಸುತ್ತ ಒಂದು ಸುತ್ತು ಬಂದು, ಇನ್ನೊಂದು ಸುತ್ತು ಬಂದು, ತನ್ನ ಮೂಲೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮರಿಯೂ ಅತ್ತ ಹೋಯಿತು, ಒಂದು ಗೇಣು ದೂರ ಬಿಟ್ಟು.

ಚೌತಿಗೆ ಅಪ್ಪ ಒಂದು ವಾರ ಕುಮಟಾಕ್ಕೆ ಹೋಗಿದ್ದರು. ದಿನಾ ರಾತ್ರಿ ಫೋನು, ಮೊದಲ ಪ್ರಶ್ನೆ, “ಹೊಡೀಲಿಲ್ಲ ಅಲ್ದಾ?” ಬಾಲದ ರೆಕ್ಕೆ ಅರ್ಧ ತುಂಬಿಕೊಂಡಿದೆ ಅಂದೆ. ಫೋಟೋ ಕಳಿಸು ಅಂದರು. ಮರಿ ಒಂದು ಕಡೆ ನಿಲ್ಲೋದಿಲ್ಲ, ತೆಗೆದ ಹದಿನಾಲ್ಕು ಫೋಟೋದಲ್ಲೂ ಕಿತ್ತಳೆ ಗೀರು ಬಿಟ್ಟು ಬೇರೇನೂ ಬಂದಿರಲಿಲ್ಲ. ಎಲ್ಲವನ್ನೂ ಕಳಿಸಿದೆ.