ಹನ್ನೊಂದು ವರುಷದ ಅಂತರ

ಮಕ್ಕಳಿಬ್ಬರೂ ಹತ್ತಿರದ ವಯಸ್ಸಿನವರಾದರೆ ರಜೆಯ ವಿಹಾರವನ್ನು ಗೊತ್ತುಮಾಡುವುದು ಅಷ್ಟೇನೂ ಕಷ್ಟವಲ್ಲ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೂ ಹಿಡಿಸುತ್ತದೆ. ಜಗಳವಾದರೂ ಒಂದೇ ಉಯ್ಯಾಲೆಗಾಗಿ ಆಗುತ್ತದೆ. ನಡುವೆ ಹತ್ತು ಹನ್ನೆರಡು ವರುಷಗಳ ಅಂತರವಿದ್ದಾಗಲೇ ತಾಯ್ತಂದೆಗಳ ಜಾಣ್ಮೆಗೆ ಪರೀಕ್ಷೆ. ಅನೇಕ ವರುಷಗಳಿಂದ ಹೆಣ್ಣುಮಕ್ಕಳ ನಡುವೆ ಬಾಳುತ್ತಿರುವ ನಾವು ಇಂತಹ ಮನೆಗಳನ್ನು ಬಹಳವಾಗಿ ಕಂಡಿದ್ದೇವೆ. ಶಾಲೆ ಪುನಃ ತೆರೆದಾಗ “ರಜೆಯಲ್ಲಿ ಏನು ಮಾಡಿದೆಯಮ್ಮ?” ಎಂದು ಕೇಳಿದರೆ “ತಮ್ಮನನ್ನು ನೋಡಿಕೊಂಡೆ, ಮಿಸ್” ಎಂದು ಉತ್ತರ ಕೊಡುವ ಬಾಲಿಕೆಯರು ಪ್ರತಿ ತರಗತಿಯಲ್ಲಿಯೂ ಉಂಟು.

ತೂಬಗೆರೆಯಲ್ಲಿರುವ ನಮ್ಮ ತಂಗಿಯ ಮನೆ ಅಂತಹುದೇ. ಹಿರಿಯ ಮಗಳಿಗೆ ಹದಿನಾರು, ಕಿರಿಯ ಮಗನಿಗೆ ಐದು. ಕಳೆದ ಬೇಸಗೆಯಲ್ಲಿ ಹುಡುಗಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಗಿಸಿದ್ದಳು. ಮುಂದಿನ ಓದಿಗಾಗಿ ಬೆಂಗಳೂರಿನ ವಿದ್ಯಾರ್ಥಿನಿಲಯವನ್ನು ಸೇರುವವಳಿದ್ದಳು. ಅಷ್ಟರೊಳಗೆ ಅಕ್ಕ ತಮ್ಮಂದಿರನ್ನು ಒಟ್ಟಿಗೆ ಬಿಡದಿಯ ವಂಡರ್‌ಲಾಗೆ ಕರೆದೊಯ್ಯಬೇಕೆಂದು ಮನೆಯವರು ನಿಶ್ಚಯಿಸಿದರು. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಮೊದಲ ವಿನೋದೋದ್ಯಾನವನ್ನು ತೆರೆದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2005ರಲ್ಲಿ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಸ್ಥಾಪಿಸಿದ ಉದ್ಯಾನವಿದು.

ಎಲ್ಲರೂ ಹಿಗ್ಗಿರುವಾಗ ಹುಡುಗಿ, “ನೀವೆಲ್ಲ ಹೋಗಿಬನ್ನಿ, ನಾನು ಮನೆಯಲ್ಲಿಯೇ ಇರುತ್ತೇನೆ” ಎಂದುಬಿಟ್ಟಳು. ತಂದೆ ಇದನ್ನು ಹರೆಯದ ಹಟವೆಂದು ಎಣಿಸಿದರು. ಸಂಜೆ ನಾವು ಹಿತ್ತಿಲಲ್ಲಿ ಒಬ್ಬಳನ್ನೇ ಕೂಡಿಸಿಕೊಂಡು ಕೇಳಲು, “ದೊಡ್ಡಮ್ಮ, ಘಾಟಿಯ ದನಗಳ ಜಾತ್ರೆಗೆ ಹೋದಾಗ ಇವನನ್ನು ಎತ್ತಿಕೊಂಡು ಮರದ ಕೆಳಗೇ ನಿಂತಿದ್ದೆ. ನಂದಿಬೆಟ್ಟಕ್ಕೆ ಹೋದಾಗಲೂ ಹಾಗೆಯೇ. ಅಲ್ಲಿಯೂ ಬೆಂಚಿನ ಮೇಲೆ ಕೂತಿರುವುದಾದರೆ ಅಷ್ಟು ದೂರ ಯಾಕೆ ಹೋಗಬೇಕು?” ಎಂದಳು. ಅವಳಿಗೆ ತಮ್ಮನ ಮೇಲೆ ಪ್ರೀತಿ ಕಡಮೆಯೆಂದು ಯಾರೂ ಭಾವಿಸಕೂಡದು. ಅವನಿಗೆ ಮೊದಲ ಅಕ್ಷರ ತಿದ್ದಿಸಿದವಳು ಅವಳೇ. ಆದರೆ ಪ್ರೀತಿ ಬೇರೆ, ಕಾವಲು ಬೇರೆ.

ಈ ಮಾತನ್ನು ನಾವು ತಾಯ್ತಂದೆಗಳಿಗೆ ಮರೆಮಾಚದೆ ತಿಳಿಸಿದೆವು. ನಮ್ಮ ತಂಗಿ ಬಹಳ ಹೊತ್ತು ಮಾತನಾಡಲಿಲ್ಲ. ತರುವಾಯ ಕಾಗದವನ್ನು ತೆಗೆದುಕೊಂಡು ಎಲ್ಲರೂ ಕುಳಿತೆವು.

ಅಲ್ಲಿಯ ನಿಯಮಗಳನ್ನು ಮೊದಲು ವಿಚಾರಿಸಿದೆವು. ಆ ಉದ್ಯಾನದವರು ಮಕ್ಕಳ ವಯಸ್ಸನ್ನಲ್ಲ, ಎತ್ತರವನ್ನು ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಚಿಕ್ಕ ಕೂಸಿಗೆ ಶುಲ್ಕವಿಲ್ಲ. ಅಲ್ಲಿಂದ 140 ಸೆಂಟಿಮೀಟರಿನವರೆಗೆ ಮಕ್ಕಳ ಶುಲ್ಕ. ರಭಸದ ಆಟಗಳಿಗೆ ಗೊತ್ತಾದ ಎತ್ತರವಿಲ್ಲದವರನ್ನು ಹತ್ತಿಸುವುದಿಲ್ಲ. ಆದಕಾರಣ ಹುಡುಗನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದು ಗುರುತುಹಾಕಿ, “ಈ ಗೆರೆಯ ತನಕ ನೀನು ಬೆಳೆದ ಮೇಲೆ ದೊಡ್ಡ ಆಟ” ಎಂದು ಮುಂಚಿತವಾಗಿಯೇ ಹೇಳಿಟ್ಟೆವು. ಹತ್ತಿಯ ಬಟ್ಟೆಯಲ್ಲಿ ನೀರಿಗಿಳಿಯಲು ಬಿಡರೆಂಬುದನ್ನು ತಿಳಿದು ಇಬ್ಬರಿಗೂ ನೈಲಾನಿನ ಉಡುಪನ್ನು ಒದಗಿಸಿದೆವು. ಹೊರಗಿನ ಊಟವನ್ನು ಒಳಗೆ ಬಿಡದ ಕಾರಣ ಪುಳಿಯೋಗರೆಯ ಬುತ್ತಿಯನ್ನು ದಾರಿಯಲ್ಲಿಯೇ ಮುಗಿಸುವುದೆಂದಾಯಿತು. ಬಾಗಿಲು ತೆರೆಯುವುದು 11 ಗಂಟೆಗೆ. ತೂಬಗೆರೆಯಿಂದ ಎರಡು ಗಂಟೆಗೂ ಮಿಗಿಲಾದ ಹಾದಿ. ಜನಸಂದಣಿ ಕಡಮೆಯಿರಲೆಂದು ಭಾನುವಾರವನ್ನು ಬಿಟ್ಟು ವಾರದ ನಡುವಿನ ದಿನವನ್ನು ಆರಿಸಿದೆವು.

ಅನಂತರ ದಿನವನ್ನು ಪಾಲುಮಾಡಿದೆವು. ಮಧ್ಯಾಹ್ನದ ಊಟದವರೆಗೆ ಅಕ್ಕನದು ಅಕ್ಕನಿಗೆ, ತಮ್ಮನದು ತಮ್ಮನಿಗೆ. ಊಟದ ಬಳಿಕ ಎಲ್ಲರೂ ಕೂಡಿ ಅಲೆಯ ಕೊಳದಲ್ಲಿ. ಅದು ಇಬ್ಬರಿಗೂ ಒಗ್ಗುವಂತಹುದು. ಕೊನೆಯ ಗಂಟೆ ತಮ್ಮನಿಗೆ ನಿದ್ದೆ ಬಂದರೆ ಮಲಗಿಸಿಕೊಳ್ಳುವವರು ತಂದೆಯೇ ಹೊರತು ಅಕ್ಕನಲ್ಲ. ಬೆಳಗಿನ ಪಾಲಿನಲ್ಲಿ ಜತೆಗೆ ಯಾರು ಬರಬೇಕೆಂದು ಹುಡುಗಿಯನ್ನು ಕೇಳಿದೆವು. ಗೆಳತಿಯೊಬ್ಬಳ ಹೆಸರನ್ನು ಹೇಳುವಳೆಂದು ಎಲ್ಲರೂ ಕಾದಿದ್ದರು. ಅವಳು, “ಅಮ್ಮ ಬರಲಿ” ಎಂದಳು.

ಹನ್ನೊಂದು ವರುಷದ ಅಂತರವೆಂದರೆ ಏನೆಂಬುದು ಆ ಎರಡು ಮಾತಿನಿಂದ ನಮಗೆ ಪೂರ್ತಿಯಾಗಿ ತಿಳಿಯಿತು. ಹನ್ನೊಂದು ವರುಷ ತಾಯಿಯನ್ನು ಒಬ್ಬಳೇ ಪಡೆದಿದ್ದ ಮಗು, ತಮ್ಮ ಹುಟ್ಟಿದ ದಿನದಿಂದ ತಾಯಿಯ ಸಹಾಯಕಳಾಗಿದ್ದಳು. ಅವಳು ಬಯಸಿದ್ದು ಆಟಕ್ಕಿಂತ ಹೆಚ್ಚಾಗಿ ತಾಯಿಯನ್ನು.

ಆ ದಿನ ಎಲ್ಲವೂ ಕಾಗದದಲ್ಲಿ ಬರೆದಂತೆಯೇ ನಡೆಯಿತೆಂದು ಹೇಳಲಾರೆವು. ಗೆರೆಯ ವಿಷಯವನ್ನು ತಿಳಿದಿದ್ದರೂ ಅಕ್ಕ ಕಣ್ಮರೆಯಾದೊಡನೆ ಹುಡುಗ ನೆಲದ ಮೇಲೆ ಹೊರಳಾಡಿ ಅತ್ತನು. ತಂದೆ ಅವನನ್ನು ಹೆಗಲಿಗೇರಿಸಿಕೊಂಡು ಚಿಕ್ಕಮಕ್ಕಳ ಆಟದ ಕಡೆಗೆ ನಡೆದರು. ನಾವು ಚೀಲಗಳನ್ನು ಹೊತ್ತು ಹಿಂಬಾಲಿಸಿದೆವು. ಅತ್ತ ನಮ್ಮ ತಂಗಿ ಮಗಳೊಡನೆ ರಿಕಾಯಿಲ್ ಎಂಬ, ಮುಂದಕ್ಕೆ ಓಡಿ ಹಿಂದಕ್ಕೂ ಓಡುವ ರೋಲರ್ ಕೋಸ್ಟರನ್ನು ಏರಿದಳಂತೆ. ಊಟದ ಹೊತ್ತಿಗೆ ಇಬ್ಬರೂ ಕೂದಲು ಕೆದರಿಕೊಂಡು, ಕೈಕೈ ಹಿಡಿದು ನಗುತ್ತ ಬಂದರು. ಏನು ಮಾತನಾಡಿಕೊಂಡರೆಂದು ನಾವು ಕೇಳಲಿಲ್ಲ. ಮಧ್ಯಾಹ್ನ ಅಲೆಯ ಕೊಳದಲ್ಲಿ ತಮ್ಮನ ಕೈಯನ್ನು ಬಿಡದೆ ಹಿಡಿದಿದ್ದವಳು, ಯಾರೂ ಹೇಳದಿದ್ದರೂ, ಅಕ್ಕನೇ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು. ಕೆಲವರು ನಿಮ್ಮ ಮನೆಗಳ ಹಿರಿಯ ಅಕ್ಕಂದಿರಾಗಿ ಬೆಳೆದವರು. ವಿಹಾರಕ್ಕೆ ಬಿಡದಿಯೇ ಆಗಬೇಕೆಂದಿಲ್ಲ. ಕಬ್ಬನ್ ಪಾರ್ಕಿನ ಬಾಲಭವನವಾಗಲಿ, ಊರ ಜಾತ್ರೆಯಾಗಲಿ ಸಾಕು. ಹೊರಡುವ ಮುನ್ನ ಚಿಕ್ಕವನ ಹಾಲಿನ ಸೀಸೆಯನ್ನೂ ಬಟ್ಟೆಯನ್ನೂ ನೆನಪಿನಿಂದ ಇಟ್ಟುಕೊಳ್ಳುವಿರಷ್ಟೆ. ಅದೇ ನೆನಪಿನಿಂದ ದೊಡ್ಡವಳನ್ನು ಕರೆದು, “ನಿನಗೆ ಏನು ಬೇಕು, ಮಗಳೇ?” ಎಂದು ಕೇಳಿರಿ. ಅವಳು ಮನೆಯಲ್ಲಿ ಇನ್ನು ಎಷ್ಟು ಬೇಸಗೆ ಇರುವಳೆಂಬುದನ್ನು ಬೆರಳಿನಲ್ಲಿಯೇ ಎಣಿಸಬಹುದು.