ಇಳಿಯುವ ವಿದ್ಯೆ

ಮರ ಹತ್ತುವುದು ದೊಡ್ಡದಲ್ಲ, ನೋವಾಗದೆ ಇಳಿಯುವುದು ದೊಡ್ಡದು ಎಂದು ನಮ್ಮ ಅಜ್ಜಿಯವರು ಹೇಳುತ್ತಿದ್ದರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹುಟ್ಟಿದ ನಮಗೆ ಈ ಮಾತಿನ ಅರ್ಥವಾದುದು ಮರದ ಮೇಲಲ್ಲ, ವಿಮಾನದಲ್ಲಿ.

1966ರಲ್ಲಿ ನಾವು ಬೆಂಗಳೂರಿಗೆ ಹೋಗಿ ವಿಮಾನ ನಡೆಸುವುದನ್ನು ಕಲಿಯತೊಡಗಿದೆವು. ನಮಗೆ ದೊರೆತುದು ‘ಪುಷ್ಪಕ’. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯವರು ನಿರ್ಮಿಸಿದ ಈ ಪುಟ್ಟ ವಿಮಾನವು 1958ರಲ್ಲಿ ಮೊದಲು ಹಾರಿತು. ಅಕ್ಕಪಕ್ಕದಲ್ಲಿ ಇಬ್ಬರು ಕುಳಿತುಕೊಳ್ಳಬಹುದು. 90 ಕುದುರೆಗಳ ಶಕ್ತಿಯ ಎಂಜಿನು. ಮುಂದೆ ಎರಡು ಚಕ್ರ, ಬಾಲದ ಕೆಳಗೊಂದು ಸಣ್ಣ ಚಕ್ರ.

ಅದನ್ನು ಮೇಲಕ್ಕೇರಿಸುವುದನ್ನು ಬೇಗನೆ ಕಲಿತೆವು. ಇಳಿಸುವುದು ಮಾತ್ರ ಕೈಗೆ ಹತ್ತಲಿಲ್ಲ. ಬಾಲದ ಅಡ್ಡ ರೆಕ್ಕೆಯ ಹಿಂದುಗಡೆ ಕೀಲಿನಿಂದ ಕೂಡಿಸಿದ ಹಲಗೆಯೊಂದಿರುತ್ತದೆ. ಅದಕ್ಕೆ ಎಲಿವೇಟರ್ ಎಂದು ಹೆಸರು. ಕೈಯಲ್ಲಿರುವ ಹಿಡಿಯನ್ನು ನಮ್ಮತ್ತ ಎಳೆದರೆ ಆ ಹಲಗೆ ಮೇಲಕ್ಕೆ ಬಾಗುತ್ತದೆ, ಗಾಳಿಯು ಬಾಲವನ್ನು ಕೆಳಕ್ಕೆ ಒತ್ತುತ್ತದೆ, ಮೂತಿ ಮೇಲೇಳುತ್ತದೆ. ಹಾಗಾದರೆ ಇಳಿಯುವಾಗ ಹಿಡಿಯನ್ನು ಮುಂದಕ್ಕೆ ನೂಕಬೇಕಲ್ಲವೆ ಎಂದು ವಾಚಕರು ಕೇಳಬಹುದು. ಇಲ್ಲ. ಎಂಜಿನಿನ ವೇಗವನ್ನು ತಗ್ಗಿಸಿ, ನೆಲದ ಮೇಲೆ ಒಂದೆರಡು ಅಡಿಗಳಷ್ಟು ಎತ್ತರದಲ್ಲಿ ವಿಮಾನವನ್ನು ಇಳಿಯದಂತೆಯೇ ಹಿಡಿದಿರಬೇಕು. ವೇಗವು ಕುಗ್ಗಿದಂತೆ ರೆಕ್ಕೆಯ ಬಲವೂ ಕುಗ್ಗುವುದರಿಂದ ಹಿಡಿಯನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಎಳೆಯುತ್ತಿರಬೇಕು. ನಿಧಾನವಾದಷ್ಟೂ ಎಲಿವೇಟರಿನ ಹಿಡಿತವು ಸಡಿಲವಾಗುತ್ತದೆ. ಆದುದರಿಂದ ಇನ್ನೂ ಹೆಚ್ಚು ಎಳೆಯಬೇಕು. ಕೊನೆಗೆ ಹಿಡಿ ಹೊಟ್ಟೆಗೆ ತಾಗುವಷ್ಟರಲ್ಲಿ ರೆಕ್ಕೆಗಳ ಬಲವು ತೀರಿ, ಮೂರು ಚಕ್ರಗಳೂ ಒಟ್ಟಿಗೆ ನೆಲ ಮುಟ್ಟುತ್ತವೆ.

“ನೀವು ಇಳಿಸಬೇಡಿ. ಅದು ತಾನಾಗಿ ಇಳಿಯಲಿ” ಎಂದು ಶಿಕ್ಷಕರು ದಿನವೂ ಹೇಳುತ್ತಿದ್ದರು. ನಮಗೆ ಅಷ್ಟು ತಾಳ್ಮೆಯಿರಲಿಲ್ಲ. ಒಬ್ಬರೇ ಹಾರಿದ್ದ ಒಂದು ಬೆಳಗ್ಗೆ, ಇನ್ನೂ ವೇಗವಿರುವಾಗಲೇ ಮುಂದಣ ಚಕ್ರಗಳು ನೆಲಕ್ಕೆ ಬಡಿದುವು. ಭಾರವು ಆ ಚಕ್ರಗಳ ಹಿಂದುಗಡೆಗಿರುವುದರಿಂದ ಬಾಲವು ಕೆಳಗಾಯಿತು. ರೆಕ್ಕೆಗಳಿಗೆ ಮತ್ತೆ ಬಲ ಬಂದು ವಿಮಾನವು ಚೆಂಡಿನಂತೆ ಪುಟಿಯಿತು. ಆಗ ಎಂಜಿನಿಗೆ ಪೂರ್ಣ ಶಕ್ತಿ ಕೊಟ್ಟು ಮೇಲೆ ಹೋಗಿ ಇನ್ನೊಂದು ಸುತ್ತು ಬರಬೇಕಾಗಿತ್ತು. ನಾವು ಹೆದರಿ ಹಿಡಿಯನ್ನು ಮುಂದಕ್ಕೆ ನೂಕಿದೆವು. ಮೂತಿ ಕುಸಿದು ಮುಂದೆ ತಿರುಗುವ ಪಂಖವು ನೆಲಕ್ಕೆ ಬಡಿದು ಹಾಳಾಯಿತು. ನಮಗೆ ಗಾಯವಾಗಲಿಲ್ಲ. ಶಿಕ್ಷಕರು ಬೈಯಲೂ ಇಲ್ಲ, ಬೈದಿದ್ದರೆ ಲೇಸಾಗಿದ್ದಿತು.

ಆ ಸಂಜೆಯೇ ರೈಲು ಹತ್ತಿ ಬಾಣಸಂದ್ರದಲ್ಲಿಳಿದು ಹಳ್ಳಿಗೆ ನಡೆದೆವು. ಈ ವಿದ್ಯೆ ಸಾಕೆಂದು ತಂದೆಯವರಿಗೆ ಹೇಳಿಬಿಡುವುದೆಂದು ನಿಶ್ಚಯಿಸಿದ್ದೆವು. ಮರುದಿನ ಅಜ್ಜಿಯವರು ಅಟ್ಟದಿಂದ ಕೊಬ್ಬರಿ ಕಾಯಿಗಳನ್ನು ಆರಿಸಲು ಕರೆದರು. ನಮ್ಮಲ್ಲಿ ಬಲಿತ ಕಾಯಿಯನ್ನು ಸಿಪ್ಪೆಯೊಡನೆ ಅಟ್ಟಕ್ಕೆ ಹಾಕಿ ವರ್ಷವೊಂದರ ಹತ್ತಿರಹತ್ತಿರ ಬಿಡುವರು. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟವನ್ನು ಬಿಡಬೇಕು. ಅಜ್ಜಿಯವರು ಒಂದೊಂದನ್ನೂ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಉಂಡೆ ಉರುಳಿದ ಸದ್ದಾದರೆ ಕೆಳಗಿಳಿಸುತ್ತಿದ್ದರು. ಇಲ್ಲದಿದ್ದರೆ ಇದ್ದಲ್ಲಿಯೇ ಇಡುತ್ತಿದ್ದರು. ಅಟ್ಟದ ಅರ್ಧ ಬರಿದಾಗಿದ್ದಿತು.

“ಉಳಿದ ಕಾಯಿ ಎಲ್ಲಜ್ಜಿ?”

“ನಿನ್ನ ಫೀಜಿಗೆ ನಿಮ್ಮಪ್ಪ ಹಸಿಕಾಯಿಯಾಗಿಯೇ ಮಾರಿಬಿಟ್ಟ, ಮಗಾ. ಕೊಬ್ಬರಿಯಾಗುವವರೆಗೆ ಕಾಯಲು ನಿನ್ನ ಸ್ಕೂಲಿನವರು ಬಿಡಬೇಕಲ್ಲ.”

ಜೀವಮಾನವೆಲ್ಲ ಕಾಯುವುದನ್ನೇ ಕಸುಬಾಗಿ ಮಾಡಿಕೊಂಡವರು ನಮಗಾಗಿ ಕಾಯದೆ ನಷ್ಟಪಟ್ಟಿದ್ದರು. ನಾವಾದರೋ ನೆಲದ ಮೇಲೆ ಎರಡಡಿ ಎತ್ತರದಲ್ಲಿ ಕೆಲವು ಕ್ಷಣ ಕಾಯಲಾರದೆ ಹೋಗಿದ್ದೆವು. ಹೇಳಬೇಕೆಂದಿದ್ದ ಮಾತು ಬಾಯಿಗೆ ಬರಲಿಲ್ಲ. ರಾತ್ರಿ ಊಟದ ಹೊತ್ತಿಗೆ ನಡೆದುದನ್ನೆಲ್ಲ ತಂದೆಯವರಿಗೆ ತಿಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಪೆಟ್ಟಾಗಲಿಲ್ಲವಷ್ಟೆ? ನಾಳೆ ಹೊರಡು” ಎಂದರು.

ಹಿಂದಿರುಗಿದ ಮೇಲೆ ಶಿಕ್ಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಮೊದಲಿನಿಂದ ಅಭ್ಯಾಸ ಮಾಡಿದೆವು. ಬಿರುಸಾಗಿ ಎಳೆದರೆ ವಿಮಾನ ಉಬ್ಬಿ ಮೇಲೇಳುತ್ತದೆ. ತಡವಾಗಿ ಎಳೆದರೆ ಬಡಿಯುತ್ತದೆ. ಹುಲ್ಲಿನಂಚನ್ನು ದೂರಕ್ಕೆ ನೋಡುತ್ತ, ಅದು ಕೇಳಿದಷ್ಟನ್ನೇ ಕೊಡುತ್ತ ಬರಬೇಕು. ಕೆಲವು ವಾರಗಳಾದ ಬಳಿಕ ಒಂದು ದಿನ ಹಿಡಿ ಹೊಟ್ಟೆಗೆ ತಾಗಿತು. ವಿಮಾನವು ನಿಟ್ಟುಸಿರಿಟ್ಟಂತೆ ನೆಲದಲ್ಲಿ ಕುಳಿತಿತು. ಶಿಕ್ಷಕರು ಮಾತಾಡಲಿಲ್ಲ. ಬಾಗಿಲು ತೆರೆದು ಇಳಿದು, ನಾವೊಬ್ಬರೇ ಹೋಗುವಂತೆ ಸನ್ನೆ ಮಾಡಿದರು.

ಲೈಸೆನ್ಸು ಬಂದ ಮೇಲೆ ಮೊದಲು ಕೂರಿಸಿಕೊಂಡುದು ತಂದೆಯವರನ್ನು. ಹಾರುವಷ್ಟು ಹೊತ್ತೂ ಅವರು ಕಣ್ಣು ಮುಚ್ಚಿಯೇ ಕುಳಿತಿದ್ದರು. ಚಕ್ರಗಳು ಉರುಳಿ ನಿಂತ ಮೇಲೂ ಕಣ್ಣು ತೆರೆಯದೆ, “ಇಳಿದದ್ದಾಯಿತೇನಪ್ಪಾ?” ಎಂದು ಕೇಳಿದರು.