ಮುಟ್ಟಿ ಕಲಿಸಿದ ಅಕ್ಕ

ಮಗಳಿಗೆ ನಿನ್ನೆ ಆರು ತಿಂಗಳು ತುಂಬಿತು. ಬೆಳಿಗ್ಗೆ ಮೊದಲ ಸಲ ರಾಗಿ ಸರಿ ತಿನ್ನಿಸಿದ್ವಿ. ಇಲ್ಲೀತನಕ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಗೆಳತಿಯರು ಫೋಟೊ ಹಾಕು ಅಂದ್ರು. ಫೋಟೊ ಬದಲು ಇದನ್ನ ಬರೀತಿದೀನಿ.

ಸರ್ಕಾರಿ ಆಸ್ಪತ್ರೆ, ಸಿಸೇರಿಯನ್. ಹೊಲಿಗೆ ಉರೀತಿತ್ತು, ಮಗ್ಗುಲು ಬದಲಿಸೋಕೂ ಆಗ್ತಿರಲಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಹಾಲು ಕುಡಿಸಿ ಅನ್ನೋ ಪೋಸ್ಟರ್ ನನ್ನ ಮಂಚದ ಎದುರಿಗೇ ಇತ್ತು. ನನ್ನ ಮಗು ಎದೆಗೆ ಬಂದಾಗ ಐದು ಗಂಟೆ ಕಳೆದಿತ್ತು. ಬಾಯಿ ಹಾಕ್ತಿತ್ತು, ಜಾರ್ತಿತ್ತು, ಕಿರುಚ್ತಿತ್ತು. ಸಂಜೆ ಹೊತ್ತಿಗೆ ತೊಟ್ಟು ಒಡೆದು ರಕ್ತ ಬಂತು.

ಪಕ್ಕದ ಮಂಚದವಳಿಗೂ ಇದೇ ಕಷ್ಟ. ಸಿಸ್ಟರ್ ಬಂದು ಅವಳ ಪಕ್ಕ ಕೂತು, ಮಗುವಿನ ತಲೆ ಹಿಡಿದು, ಎದೆಗೆ ಹಚ್ಚಿ ತೋರಿಸಿಕೊಟ್ಟರು. ಆಮೇಲೆ ನನ್ನ ಮಂಚ. ಜನನಿ ಸುರಕ್ಷಾ ದುಡ್ಡಿಗೆ ಅಂತ ಕೇಸ್‌ಶೀಟಿಗೆ ನನ್ನ ಜಾತಿ ಸರ್ಟಿಫಿಕೇಟಿನ ಜೆರಾಕ್ಸ್ ಪಿನ್ ಮಾಡಿದ್ರು. ಸಿಸ್ಟರ್ ಅದನ್ನ ತಿರುವಿ ನೋಡಿದ್ರು. ಮಂಚದ ಕಾಲ ಹತ್ರ ನಿಂತೇ "ಕುಡಿಸಮ್ಮ, ಕುಡಿಯತ್ತೆ. ನಿಮ್ಮೋರಿಗೆಲ್ಲ ಹಾಲಿಗೇನು ಕಮ್ಮಿ?" ಅಂದು ಹೋದ್ರು.

ಬೈಲಿಲ್ಲ, ಹೊಡೀಲಿಲ್ಲ. ಇದನ್ನ ಯಾವ ಕಂಪ್ಲೇಂಟಲ್ಲಿ ಬರೆಯೋದು? ಎಷ್ಟೋ ಧರಣಿಯಲ್ಲಿ ಮೈಕ್ ಹಿಡಿದವಳು ನಾನು, ಅವತ್ತು ಬಾಯಿಂದ ಒಂದು ಮಾತು ಹೊರಡಲಿಲ್ಲ. ಮಗು ಅಳ್ತಿತ್ತು, ನಾನೂ ಅತ್ತೆ. "ಇವಳಿಗೆ ಹಾಲಿಲ್ಲ, ಡಬ್ಬಿ ಹಾಲು ತರ್ಸಿ" ಅಂದ್ರು ಯಾರೋ. ಅವ್ವ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸ್ತಾ ಕೂತಳು.

ರಾತ್ರಿ ವಾರ್ಡ್ ಒರೆಸೋಕೆ ಬಂದ ಅಕ್ಕ ನನ್ನನ್ನ ನೋಡಿ ಮಾಪು ಗೋಡೆಗೆ ಒರಗಿಸಿದಳು. ಸೋಪು ಹಾಕಿ ಕೈ ತೊಳ್ಕೊಂಡು ಬಂದಳು. "ಎದ್ದು ಕೂರ್ಬೇಡ ಕಣವ್ವ, ಮಗ್ಗುಲಾಗಿ ಮಲಗು" ಅಂತ ಬೆನ್ನಿಗೆ ದಿಂಬು ಕೊಟ್ಟಳು. ಮಗುವಿನ ಹೊಟ್ಟೆ ನನ್ನ ಮೈಗೆ ತಾಗೋ ಹಾಗೆ ಮಲಗಿಸಿದಳು. ತೊಟ್ಟಿಂದ ಅದರ ತುಟಿ ಸವರಿ, ಬಾಯಿ ಅಗಲ ತೆರೆಯೋತನಕ ಕಾದಳು. "ಬರೀ ತೊಟ್ಟು ಕೊಟ್ರೆ ಒಡೀತದೆ. ಸುತ್ತ ಇರೋ ಕಪ್ಪೂ ಬಾಯೊಳಕ್ಕೆ ಹೋಗ್ಬೇಕು, ಗದ್ದ ಎದೆಗೆ ತಾಗ್ಬೇಕು." ಮಗು ಕಚ್ಚಿಕೊಂಡಿತು. ದವಡೆ ಆಡೋದು ಕಾಣಿಸ್ತು.

"ಹಾಲೇ ಇಲ್ವಲ್ಲಕ್ಕ?"

"ಮೊದಲೆರಡು ದಿನ ಹಳದಿ ಹಾಲು, ಚೂರೇ ಬರೋದು. ಕೂಸಿನ ಹೊಟ್ಟೆನೂ ಗೋಲಿಯಷ್ಟೇ ಇರೋದು. ಕುಡಿಸ್ದಷ್ಟೂ ಇಳೀತದೆ."

ಕೈಯಲ್ಲಿ ಹಿಂಡಿ ಒಳಲೆಯಲ್ಲಿ ಕುಡಿಸೋದನ್ನೂ ಅವಳೇ ತೋರಿಸಿದಳು. ಮೂರನೇ ದಿನ ಎದೆ ಕಲ್ಲಾಗಿ ಹಾಲಿಳೀತು. ಡಬ್ಬಿ ತರಲೇ ಇಲ್ಲ.

"ಎಲ್ಲಿ ಕಲ್ತೆ ಅಕ್ಕ?" ಅಂದೆ. "ಎರಡು ಹೆತ್ತಿದೀನಲ್ಲ. ಚಿಕ್ಕದು ಮೂರು ತಿಂಗಳ ಕೂಸು, ಅತ್ತೆ ಹತ್ರ ಬಿಟ್ಟು ಬಂದಿದೀನಿ." ಅವಳ ರವಿಕೆ ಮುಂದೆ ಒದ್ದೆಯಾಗಿತ್ತು. ಗುತ್ತಿಗೆ ಕೆಲಸ. ರಜೆ ಕೇಳಿದ್ರೆ ಬೇರೆಯವರನ್ನ ಹಾಕ್ಕೋತೀನಿ ಅಂದನಂತೆ ಗುತ್ತಿಗೆದಾರ. ಹೆತ್ತ ನಲವತ್ತನೇ ದಿನಕ್ಕೆ ಪೊರಕೆ ಹಿಡಿದಿದ್ದಾಳೆ.

1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಬಾಬಾಸಾಹೇಬರು ಹೆರಿಗೆ ಸೌಲಭ್ಯದ ಮಸೂದೆ ಬೆಂಬಲಿಸಿ ಮಾತಾಡಿದ್ರು. ಮುಂದಿನ ವರ್ಷ ಅದು ಕಾನೂನಾಯ್ತು. ಇವತ್ತಿನ ಕಾನೂನು ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಅನ್ನುತ್ತೆ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ರೆ ಗುತ್ತಿಗೆಯವಳಿಗೂ ಅದು ಹಕ್ಕು. ಆರು ತಿಂಗಳು ಎದೆಹಾಲೇ ಕೊಡಿ ಅನ್ನೋ ಗೋಡೆಯ ಕೆಳಗೆ ನೆಲ ಒರೆಸೋಳ ಕೂಸಿಗೆ ಆ ಹಾಲು ಸಿಗಲಿಲ್ಲ. ನನ್ನ ಮಗಳಿಗೆ ಸಿಕ್ತು, ಅವಳ ಕೈಯಿಂದ.

ಹೆರಿಗೆಗೆ ಹೋಗೋ ನಮ್ಮ ಹೆಣ್ಣುಮಕ್ಕಳೇ, "ಪಕ್ಕದವಳಿಗೆ ತೋರಿಸಿದ ಹಾಗೆ ನನಗೂ ತೋರಿಸಿ" ಅಂತ ಕೇಳಿ. ನಾನು ಕೇಳಲಿಲ್ಲ. ಸಂಘಟನೆಯ ಗೆಳೆಯರೇ, ನಿಮ್ಮ ತಾಲ್ಲೂಕು ಆಸ್ಪತ್ರೆಯ ಗುತ್ತಿಗೆ ಹೆಣ್ಣುಮಕ್ಕಳಲ್ಲಿ ಎಷ್ಟು ಜನಕ್ಕೆ ಹೆರಿಗೆ ರಜೆ ಕೊಟ್ಟಿದ್ದಾರೆ ಅಂತ ಆರ್‌ಟಿಐ ಹಾಕಿ. ನಾನು ಸೋಮವಾರ ಹಾಕ್ತಿದೀನಿ. ಮಗಳನ್ನ ಎತ್ಕೊಂಡೇ ಹೋಗ್ತೀನಿ.

ಜೈಭೀಮ್.